ಅರವತ್ತಕ್ಕೆ ಮೂರು ಕಡಿಮೆ

ಎರಡನೆಯ ಒಬ್ಬೆಯ ಚಕ್ಕುಲಿಗಳನ್ನು ಎಣ್ಣೆಯಲ್ಲಿ ಮಗುಚುತ್ತಿದ್ದಾಗ ನಡುಮನೆಯಿಂದ ಅತ್ತೆ ಕೂಗಿದರು.

“ಪದ್ಮಾ, ಮಗೂಗೆ ತಗ್ಗೋದು ಹೇಳ್ಕೊಟ್ಯೇನೇ?”

“ಇದೊಂದು ಇಳಿಸ್ಬಿಟ್ಟು ಕೂತ್ಕೋತೀನಿ ಅತ್ತೆ.”

“ನಾಳೆ ಪರೀಕ್ಷೆ, ಇವಳಿಗಿನ್ನೂ ಚಕ್ಕುಲಿ. ನಮ್ಮಮ್ಮ ನನ್ನ ತಿಂಗಳು ಮುಂಚೆನೇ ಕೂರಿಸ್ಕೊಂಡಿದ್ಲು.”

ಹಾಗೆಂದವರೇ ಸ್ವಲ್ಪ ಹೊತ್ತಿಗೆ ಎದ್ದುಬಂದು, ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, ಉಪ್ಪು ಮುಂದಾಗಿದೆ ಎಂದು ಹೇಳಿ ಹೋದರು. ಚಕ್ಕುಲಿಯಿಲ್ಲದೆ ನಮ್ಮ ಊರಿನಲ್ಲಿ ಯಾವ ಹೆಂಗಸೂ ಗಣಿತ ಪರೀಕ್ಷೆಗೆ ಹೋದದ್ದಿಲ್ಲ. ವರ್ಷದಲ್ಲಿ ನಾವು ಮನೆಯವರಿಗೆ ಅಡುಗೆ ಮಾಡಿಡದೆ ಮನೆ ಬಿಡುವ ದಿನ ಅದೊಂದೇ. ಹೊಸ ಸೀರೆಯ ಮಡಿಕೆ ಬಿಚ್ಚುವುದೂ ಅಂದೇ. ಪಕ್ಕದ ಮನೆಯ ಜಯಶೀಲ ಚಿತ್ರಾನ್ನ ತರುತ್ತಾಳೆ, ನಾನು ಚಕ್ಕುಲಿ. ಬೆಳಿಗ್ಗೆ ಪರೀಕ್ಷೆ ಬರೆದು, ಮಧ್ಯಾಹ್ನ ಹೈಸ್ಕೂಲಿನ ಹೊಂಗೆಮರದ ಕೆಳಗೆ ಕೂತು ತಿಂದು, ಸಂಜೆ ಕಾಲೆಳೆದುಕೊಂಡು ಮನೆಗೆ ಬರುತ್ತೇವೆ. ಗಂಡಂದಿರು ಆ ದಿನ ನಮ್ಮನ್ನು ಬೈಯುವುದಿಲ್ಲ. ಪರೀಕ್ಷೆ ಬರೆದು ದಣಿದಿರುತ್ತಾರೆ ಎಂಬ ಕನಿಕರ.

ಊರಿನ ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ತಗಡಿನ ಫಲಕಗಳಿರುತ್ತವೆ. ನೀಲಿ ಬಣ್ಣದ ಮೇಲೆ ಬಿಳಿಯ ಅಂಕಿ. ಮನೆಯಲ್ಲಿ ಹೈಸ್ಕೂಲು ಮುಗಿಸಿದವರಿಗೆಲ್ಲ ಒಂದೊಂದು ಫಲಕ, ಅದರಲ್ಲಿ ಗಣಿತದ ಪರೀಕ್ಷೆಯಲ್ಲಿ ಅವರಿಗೆ ಬಂದ ಅಂಕ. ಅರವತ್ತು ಎಂಬುದು ಗೆರೆ. ಗೆರೆ ಮುಟ್ಟಿದವರು ಕಾಲೇಜಿನ ಗಣಿತಕ್ಕೆ ಸಿದ್ಧರು. ಅವರಿಗೆ ಕಾಲೇಜಿನ ಗೇಟು ತೆರೆಯುತ್ತದೆ, ಮತ್ತೆಂದೂ ಆ ಪರೀಕ್ಷೆಯ ಗೊಡವೆಯಿಲ್ಲ. ಕೆಳಗುಳಿದವರು ಇನ್ನೂ ಸಿದ್ಧರಲ್ಲ. ಅವರು ಸಿದ್ಧರಾಗುವವರೆಗೆ, ಅಥವಾ ಮುದುಕರಾಗುವವರೆಗೆ, ಪ್ರತಿ ವರ್ಷ ಬರೆಯುತ್ತಲೇ ಇರಬೇಕು. ಹೊಸ ಅಂಕ ಬಂದರೆ ಪುರಸಭೆಯವರು ಹಳೆಯ ಫಲಕ ಕಿತ್ತು ಹೊಸದು ಹೊಡೆದು ಹೋಗುತ್ತಾರೆ. ನಾವು ಫಲಕಗಳನ್ನು ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತೊಳೆಯುತ್ತೇವೆ, ಕುಂಕುಮ ಇಡುತ್ತೇವೆ. ಹೊಸದಾಗಿ ಪರಿಚಯವಾದವರು ಮುಖ ನೋಡುವ ಮೊದಲು ಅದನ್ನು ನೋಡುತ್ತಾರೆ.

ನಮ್ಮ ಬಾಗಿಲಲ್ಲಿ ಮೂರು ಇದ್ದವು. ನನ್ನ ಗಂಡನದು ಅರವತ್ತು. ಅತ್ತೆಯದು ನಲವತ್ತನಾಲ್ಕು. ನನ್ನದು ಐವತ್ತೇಳು. ಮದುವೆಯಾಗಿ ಈ ಮನೆಗೆ ಬರುವಾಗಲೂ ಐವತ್ತೇಳು, ಕಳೆದ ವರ್ಷವೂ ಐವತ್ತೇಳು. ಅಂಕ ಬದಲಾಗದ್ದರಿಂದ ಪುರಸಭೆಯವರು ನನ್ನ ಫಲಕವನ್ನು ಮುಟ್ಟಿದವರಲ್ಲ. ಅದರ ಕೆಳಗಿನ ಮೊಳೆ ಸಡಿಲವಾಗಿ, ಗಾಳಿ ಬಂದಾಗ ಟಕಟಕ ಎನ್ನುತ್ತಿತ್ತು. ಹೊಡೆದುಕೊಡಿ ಎಂದು ಇವರಿಗೆ ಹೇಳಿ ಸಾಕಾಗಿತ್ತು. “ಭಾನುವಾರ ಆಗ್ಲಿ” ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿರುವ ಮನುಷ್ಯನಿಗೆ ಭಾನುವಾರ ಎಲ್ಲಿಂದ ಬರಬೇಕು?

ಐವತ್ತೇಳು ಸುಲಭದ ಅಂಕವಲ್ಲ. ಹೆಂಡತಿಯ ಅಂಕ ಗಂಡನಿಗಿಂತ ಕಡಿಮೆ ಇರಬೇಕು ಎಂಬುದು ನಮ್ಮಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಮಾತು. ಗಂಡಸರಲ್ಲಿ ಹೆಚ್ಚಿನವರದು ಸರಿಯಾಗಿ ಅರವತ್ತು. ಗಂಡುಹುಡುಗರಿಗೆ ಕೃಪಾಂಕ ಉಂಟು. ನಾಳೆ ಸಂಸಾರ ನಡೆಸಬೇಕಾದವರು ಗೆರೆಯ ಕೆಳಗುಳಿದರೆ ಹೇಗೆ ಎಂದು, ಮೂವತ್ತೆಂಟು ಬಂದವನನ್ನೂ ನಲವತ್ತೊಂಬತ್ತು ಬಂದವನನ್ನೂ ಎತ್ತಿ ಅರವತ್ತರ ಮೇಲೆ ಕೂರಿಸುತ್ತಾರೆ. ಆದ್ದರಿಂದ ಹೆಣ್ಣು ಐವತ್ತೊಂಬತ್ತು ದಾಟುವಂತಿಲ್ಲ. ಹಾಗೆಂದು ತೀರಾ ಇಳಿದರೂ ಕಷ್ಟ. ಐವತ್ತೈದರ ಕೆಳಗೆ ಹೋದರೆ ಹುಡುಗಿ ಮಂಕು, ಹುಟ್ಟುವ ಮಕ್ಕಳೂ ಮಂಕಾಗಬಹುದು ಎನ್ನುತ್ತಾರೆ. ಅತ್ತೆಯ ಕಾಲದಲ್ಲಿ ನಲವತ್ತನಾಲ್ಕು ಸಾಕಿತ್ತು. ಈಗ ಕಾಲ ಮುಂದುವರಿದಿದೆ, ಹೆಣ್ಣುಮಕ್ಕಳನ್ನು ಐವತ್ತೊಂಬತ್ತರವರೆಗೂ ಬಿಡುತ್ತಾರೆ.

ಕಳೆದ ವರ್ಷ ಫಲಿತಾಂಶದ ದಿನ ಕಾಲೇಜಿನ ಪ್ರಾಂಶುಪಾಲರು ಹೈಸ್ಕೂಲಿಗೆ ಬಂದು ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿದ್ದರು. ಗಂಡಸರ ಅಂಕಗಳು ಅರವತ್ತರಲ್ಲಿ ಕಂಬದ ಹಾಗೆ ನಿಂತಿದ್ದವು. ಹೆಂಗಸರವು ಐವತ್ತೈದರಿಂದ ಐವತ್ತೊಂಬತ್ತರವರೆಗೆ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಸೇರಿಕೊಂಡಿದ್ದವು. “ಪರೀಕ್ಷೆ ಎಂದೂ ಸುಳ್ಳು ಹೇಳುವುದಿಲ್ಲ ತಾಯಂದಿರೇ,” ಎಂದರು ಅವರು, ತುಂಬ ಮರ್ಯಾದೆಯಿಂದ. “ನಮ್ಮ ಮಹಿಳೆಯರು ಗೆರೆಯ ಹತ್ತಿರ ಬರುತ್ತಾರೆ, ನಿಲ್ಲುತ್ತಾರೆ. ವರ್ಷವರ್ಷವೂ ಹೀಗೇ. ಇದು ಪ್ರಕೃತಿ ಹಾಕಿದ ಮಿತಿ ಎಂದು ನನ್ನ ಅಭಿಪ್ರಾಯ. ನೀವು ಬೇಸರ ಪಡಬಾರದು.” ನಾವು ಬೇಸರ ಪಡಲಿಲ್ಲ. ಜಯಶೀಲ ನನ್ನ ಕಿವಿಯ ಹತ್ತಿರ ಬಗ್ಗಿ, “ಪ್ರಕೃತಿ ನಂಗೆ ಈ ಸಲ ಒಂದು ಹೆಚ್ಚಿಗೆ ಹಾಕ್ಬಿಟ್ಟಿದೆ ಕಣೇ, ಐವತ್ತೊಂಬತ್ತು. ಎದೆ ಹೊಡ್ಕೊಂಡ್ಬಿಡ್ತು,” ಎಂದಳು. ನಾವು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆವು. ಪ್ರಾಂಶುಪಾಲರು ನಾವು ಅಳುತ್ತಿದ್ದೇವೆ ಎಂದುಕೊಂಡು ಮಾತು ಬೇಗ ಮುಗಿಸಿದರು.

ಈ ವರ್ಷ ನನ್ನ ಮಗಳು ಹಂಸಿನಿಗೆ ಮೊದಲ ಪರೀಕ್ಷೆ. ಹದಿನೇಳು ತುಂಬಿತ್ತು. ಪರೀಕ್ಷೆಗೆ ಮುಂಚೆಯೇ ಅವಳಿಗೊಂದು ಸಂಬಂಧ ಬಂದಿತ್ತು. ಅಕ್ಕಿ ಗಿರಣಿಯ ಕನಕಮ್ಮನ ಎರಡನೆಯ ಮಗ ಶಶಾಂಕ, ಫಲಕ ಅರವತ್ತು. ಹುಡುಗ ಒಳ್ಳೆಯವನೇ, ಕಣ್ಣೆತ್ತಿ ಮಾತಾಡುವುದಿಲ್ಲ. ಕನಕಮ್ಮ ನೋಡಲು ಬಂದ ದಿನ ಹೊಸ್ತಿಲ ಹೊರಗೇ ನಿಂತು, ಸೆರಗಿನ ತುದಿಯಿಂದ ನನ್ನ ಫಲಕದ ಧೂಳು ಒರೆಸಿದರು.

“ತಾಯಿದು ಐವತ್ತೇಳು. ಎಷ್ಟು ವರ್ಷದಿಂದ?”

“ಮೊದಲಿಂದಾನೂ ಅಷ್ಟೇ,” ಎಂದರು ಅತ್ತೆ, ತಮ್ಮದೇ ಸಾಧನೆ ಎಂಬಂತೆ.

“ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನಂಬಿಕಸ್ಥ ಮನೆ. ತಾಯಿನ ನೋಡಿದ್ರೆ ಸಾಕು, ಮಗಳನ್ನ ನೋಡ್ಬೇಕಾಗಿಲ್ಲ.” ಒಳಗೆ ಬಂದು ಚಾಪೆಯ ಮೇಲೆ ಕೂತು ಕಾಫಿ ಲೋಟ ಕೈಗೆ ತೆಗೆದುಕೊಂಡ ಮೇಲೆ ಮತ್ತೆ ಅಂದರು: “ದೊಡ್ಡವನಿಗೆ ಹಿಂದಿನ ಬೀದಿ ಕಮಲಾಕ್ಷಿ ಮಗಳನ್ನ ಮಾತಾಡಿದ್ವಿ. ಎಲ್ಲಾ ಆಗಿತ್ತು, ಇನ್ನೇನು ತಾಂಬೂಲ. ಅಷ್ಟರಲ್ಲಿ ಕಮಲಾಕ್ಷಿ ಹೋಗಿ ಎಪ್ಪತ್ತನಾಲ್ಕು ತೆಗೆದು ಕೂತ್ಕೊಂಡ್ಲು. ಬಾಗಿಲಲ್ಲಿ ನೋಡಿದ್ವಿ. ಕಾಫೀನೂ ಕುಡೀದೆ ತಿರುಗಿ ಬಂದ್ವಿ. ತಾಯಿನೇ ಗೆರೆ ದಾಟಿದ್ಮೇಲೆ ಮಗಳು ಇನ್ನೆಲ್ಲಿ ನಿಂತಾಳು?”

“ಪಾಪ, ಕಮಲಾಕ್ಷಿ,” ಎಂದರು ಅತ್ತೆ.

“ಕಮಲಾಕ್ಷಿ ಏನು ಪಾಪ? ಅವಳ ಗಂಡ ಪಾಪ.”

ಅದು ಎಲ್ಲರಿಗೂ ಗೊತ್ತಿದ್ದ ಕಥೆಯೇ. ಕಮಲಾಕ್ಷಿಯ ಗಂಡ ಆ ಫಲಕದ ಮೇಲೆ ಶಂಖಪುಷ್ಪದ ಬಳ್ಳಿ ಹಬ್ಬಿಸಿದ್ದಾನೆ. ಸಂಬಂಧ ಮುರಿದ ಮೇಲೆ ಮಗಳೂ ಮರುವರ್ಷ ದಾಟಿದಳು. ಈಗ ತಾಯಿ ಮಗಳು ಇಬ್ಬರೂ ಒಂದೇ ಕೊಡೆ ಹಿಡಿದು ಬೆಳಿಗ್ಗೆ ಕಾಲೇಜಿಗೆ ಹೋಗುತ್ತಾರೆ. ಬೀದಿಯ ಹೆಂಗಸರು ಕಿಟಕಿಯಿಂದ ನೋಡಿ, ಎಂಥ ಗತಿ ಬಂತು ಎಂದು ನಿಟ್ಟುಸಿರು ಬಿಡುತ್ತಾರೆ. ನಾನೂ ನಿಟ್ಟುಸಿರು ಬಿಟ್ಟಿದ್ದೇನೆ. ಒಂದು ದಿನ ತರಕಾರಿ ಅಂಗಡಿಯಲ್ಲಿ ಕಮಲಾಕ್ಷಿ ಸಿಕ್ಕಿದ್ದಳು. ಹೇಗಿದೆ ಕಾಲೇಜು ಎಂದು ಕೇಳಿದೆ. “ಕಷ್ಟ ಪದ್ಮಾ. ಮೊದಲ ಸಲ ನಿಜವಾಗ್ಲೂ ತಪ್ಪು ಮಾಡ್ತಾ ಇದೀನಿ,” ಎಂದಳು. ಹೇಳುವಾಗ ಅವಳ ಮುಖ ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡವರ ಮುಖದಂತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಚಕ್ಕುಲಿ ಡಬ್ಬಿಗೆ ತುಂಬಿ ಕೈ ತೊಳೆದು ಹಂಸಿನಿಯನ್ನು ಕೂರಿಸಿಕೊಂಡೆ. ಅವಳು ಗೋಡೆಗೆ ಒರಗಿ, ಮಂಡಿ ಮಡಚಿ, ನನ್ನ ಮುಖವನ್ನೇ ನೋಡುತ್ತ ಕೂತಳು. ನಮ್ಮಮ್ಮ ನನಗೆ ಹೇಳಿಕೊಟ್ಟದ್ದನ್ನು ಹೇಳತೊಡಗಿದೆ. ಸಂಭವನೀಯತೆಯ ಅಧ್ಯಾಯವನ್ನು ಪೂರ್ತಿ ಬಿಡುವುದು ನಮ್ಮ ಮನೆತನದ ವಾಡಿಕೆ. ರೇಖಾಗಣಿತದಲ್ಲಿ ಚಿತ್ರ ಚೆನ್ನಾಗಿ ಬರೆದು ಸಾಧನೆ ಅರ್ಧಕ್ಕೆ ನಿಲ್ಲಿಸಬೇಕು. ಚಿತ್ರ ನೋಡಿದವರು ಹುಡುಗಿ ಅಚ್ಚುಕಟ್ಟು ಎನ್ನುತ್ತಾರೆ. ಸಮೀಕರಣದಲ್ಲಿ ಮೊದಲ ಸಾಲಿನಲ್ಲೇ ತಪ್ಪಬಾರದು, ಅದು ದಡ್ಡತನ. ಕೊನೆಯ ಸಾಲಿನಲ್ಲೂ ತಪ್ಪಬಾರದು, ಅದು ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಕೊನೆಯಿಂದ ಎರಡನೆಯ ಸಾಲಿನಲ್ಲಿ ಒಂದು ಮೈನಸ್ಸು ಪ್ಲಸ್ಸಾಗಬೇಕು. ಅದು ಗೌರವಸ್ಥರ ತಪ್ಪು.

ಹಂಸಿನಿಗೆ ಐವತ್ತೆಂಟು ಎಂದು ನಾವು ಮೊದಲೇ ಗೊತ್ತುಮಾಡಿದ್ದೆವು.

“ಅಮ್ಮ, ಐವತ್ತೆಂಟು ಬರ್ಬೇಕು ಅಂದ್ರೆ ನೂರಕ್ಕೂ ಉತ್ತರ ಗೊತ್ತಿರ್ಬೇಕಲ್ವಾ? ಇಲ್ದೆ ಇದ್ರೆ ಎಲ್ಲಿ ಎಷ್ಟು ಬಿಡ್ಬೇಕು ಅಂತ ಹೆಂಗೆ ತಿಳಿಯುತ್ತೆ?”

“ಹೌದು.”

“ಹಾಗಾದ್ರೆ ನೂರು ತೆಗೆಯೋದೇ ಸುಲಭ.”

“ಸುಲಭವಾದ್ದನ್ನೇ ಮಾಡ್ಕೊಂಡು ಕೂತ್ರೆ ಸಂಸಾರ ನಡೆಯಲ್ಲ ಕಣೆ.”

ಅವಳು ನಕ್ಕಳು. ನಡುಮನೆಯಿಂದ ಅತ್ತೆಯೂ ನಕ್ಕರು. ನಾನು ಚೆನ್ನಾಗಿ ಹೇಳಿದೆ ಅನ್ನಿಸಿ ನನಗೂ ನಗು ಬಂತು.

ಆಮೇಲೆ ಅವಳು, “ಗೆರೆ ಆಚೆ ಏನು ಹೇಳ್ಕೊಡ್ತಾರೆ ಅಮ್ಮ?” ಎಂದು ಕೇಳಿದಳು. ಇದು ಅವಳ ಹಳೆಯ ಪ್ರಶ್ನೆ. ಎರಡು ವರ್ಷದ ಹಿಂದೆ ಕಡಲೆಕಾಯಿ ಕಟ್ಟಿಕೊಟ್ಟ ಕಾಗದದ ಪೊಟ್ಟಣ ಬಿಡಿಸಿದಾಗ ಅದು ಕಾಲೇಜಿನ ಯಾವುದೋ ಪುಸ್ತಕದ ಹಾಳೆಯಾಗಿತ್ತು. ಅದರಲ್ಲಿ ಹೆಡೆಯೆತ್ತಿ ನಿಂತ ಹಾವಿನಂಥ, ಉದ್ದಕ್ಕೆ ಬಳುಕಿದ ಒಂದು ಗುರುತು ಸಾಲುಸಾಲಾಗಿ ಇತ್ತು. ಹಂಸಿನಿ ಆ ಹಾಳೆಯ ಎಣ್ಣೆ ಜಿಡ್ಡನ್ನು ಹಿಟ್ಟು ಹಾಕಿ ತೆಗೆದು, ತನ್ನ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಳು. ಬೇರೆ ಹುಡುಗಿಯರು ಅಲ್ಲಿ ಸಿನಿಮಾದವರ ಚಿತ್ರ ಅಂಟಿಸುತ್ತಾರೆ. ಆ ಗುರುತು ಏನೆಂದು ಹೈಸ್ಕೂಲಿನ ಮೇಷ್ಟ್ರನ್ನು ಕೇಳಿದಳು, ಅವರು ಅದು ಈ ವರ್ಷದ ಪಾಠದಲ್ಲಿಲ್ಲ ಎಂದರು. ಅಪ್ಪನನ್ನು ಕೇಳಿದಳು. ಅವರು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು, ದೂರ ಹಿಡಿದು, “ಇದು ದೊಡ್ಡ ಲೆಕ್ಕದ ಗುರುತು,” ಎಂದರು. ಕಾಲೇಜಿನಲ್ಲಿ ಒಂದು ವರ್ಷ ಕೂತು ಎದ್ದುಬಂದವರು. ಅಲ್ಲಿ ಏನಿತ್ತು ಎಂದು ಕೇಳಿದರೆ ಫ್ಯಾನು ಚೆನ್ನಾಗಿತ್ತು ಎನ್ನುತ್ತಾರೆ.

“ನಂಗೆ ಗೊತ್ತಿಲ್ಲ ಹಂಸಿ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದು ಎಂದು ನಾನು ಹೇಳಿದ ಗಣಿತದ ಸಂಗತಿಗಳಲ್ಲಿ ಸುಳ್ಳಲ್ಲದ್ದು ಬಹುಶಃ ಅದೊಂದೇ.

“ಮದುವೆ ಆದ್ಮೇಲೆ ಯಾರಾದ್ರೂ ಹೇಳ್ತಾರೇನೋ,” ಎಂದು ಅವಳು ಎದ್ದಳು. ವ್ಯಂಗ್ಯವಾಗಿ ಹೇಳಿದಳೋ, ಹಾಗೇ ಹೇಳಿದಳೋ ತಿಳಿಯಲಿಲ್ಲ. ಈ ಮದುವೆ ನಿನಗೆ ಇಷ್ಟವೇ ಎಂದು ನಾನು ಒಂದು ಸಲ ಕೇಳಿದ್ದೆ. “ನೀನು ಹೇಳಿದ ಹಾಗೆ,” ಎಂದಿದ್ದಳು. ನನ್ನ ಮದುವೆಯ ಹೊತ್ತಿಗೆ ನಾನೂ ಅದೇ ಮಾತು ಅಂದಿದ್ದೆ. ಆಗ ಅದಕ್ಕೆ ಏನರ್ಥವಿತ್ತೆಂದು ನನಗೆ ನೆನಪಿದೆ.

ಊಟ ಬಡಿಸುವಾಗ ಇವರು ಕೇಳಿದರು, “ಏನು, ತಾಯಿ ಮಗಳು ತಯಾರಾ? ಭಿನ್ನರಾಶಿ ಒಂದ್ಸಲ ತಿರುಗಿಸ್ಕೊಡ್ಲಾ?”

ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಅವರು ನನಗೆ ಪಾಠ ಹೇಳುತ್ತಾರೆ. ಮದುವೆಯಾದ ವರ್ಷದಿಂದ ಇದು ನಡೆದುಬಂದಿದೆ. ನಾನು ಗೆರೆ ಮುಟ್ಟಲಿ ಎಂದು ಅವರಿಗೆ ನಿಜವಾದ ಆಸೆ, ಆದರೆ ನನ್ನಿಂದ ಆಗುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ ನಿಜ. ಹಾಗಾಗಿ ಆಸೆಯಿಂದ ಅವರಿಗೆ ಯಾವ ತೊಂದರೆಯೂ ಇಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದು, ಪೆನ್ಸಿಲಿನಿಂದ ಕೆಳಗೆ ಎರಡು ಗೆರೆ ಎಳೆದು, “ಅರ್ಥ ಆಯ್ತಾ?” ಎಂದು ಮೃದುವಾಗಿ ಕೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ನಗುವ ಮಾತಲ್ಲ ಅದು. ಗೊತ್ತಿರುವವರು ಮಾಡುವ ತಪ್ಪಿಗೂ ಗೊತ್ತಿಲ್ಲದವರು ಮಾಡುವ ತಪ್ಪಿಗೂ ವ್ಯತ್ಯಾಸವಿದೆ, ತಿದ್ದುವವರ ಕಣ್ಣು ಅದನ್ನು ಹಿಡಿಯುತ್ತದೆ. ನನ್ನ ತಪ್ಪುಗಳು ಇಷ್ಟು ವರ್ಷ ಸಹಜವಾಗಿ ಬಂದಿದ್ದರೆ ಅದು ನನ್ನ ಗಂಡ ಅಕ್ಕರೆಯಿಂದ ಕಲಿಸಿದ್ದು. ಫಲಿತಾಂಶ ಬಂದ ಸಂಜೆ ಅವರು ಬಾದೂಷಾ ತರುತ್ತಾರೆ. “ಮೂರೇ ಮೂರು ಕಮ್ಮಿ ಕಣೆ, ಮುಂದಿನ ವರ್ಷ ಆಗುತ್ತೆ,” ಎಂದು ಬೆನ್ನು ಸವರುತ್ತಾರೆ. ಆ ಕೈ ಬೆನ್ನ ಮೇಲಿರುವಾಗ ಎಷ್ಟೋ ಸಲ ನನಗೆ ನಿಜವಾಗಿಯೂ ಸೋತವಳ ಹಾಗೆ ಅಳು ಬಂದಿದೆ.

ಬೆಳಿಗ್ಗೆ ಹೊರಡುವಾಗ ಅತ್ತೆ ಹಂಸಿನಿಯ ಹಣೆಗೆ ಕುಂಕುಮ ಇಟ್ಟರು. ಇಟ್ಟವರು ಕೈ ಹಿಂದಕ್ಕೆ ತೆಗೆಯದೆ ಅವಳ ಗಲ್ಲ ಹಿಡಿದುಕೊಂಡೇ ನಿಂತರು.

“ನನ್ನ ಮೊದಲನೇ ಪರೀಕ್ಷೇಲಿ ಒಂದು ಹೊಲದ ಲೆಕ್ಕ ಕೇಳಿದ್ರು. ಅಗಲಕ್ಕಿಂತ ಉದ್ದ ಮೂರು ಗಜ ಹೆಚ್ಚು, ಒಟ್ಟು ಹೊಲ ನೂರೆಂಟು ಚದರ ಗಜ. ಉದ್ದ ಎಷ್ಟು ಅಂತ. ಹನ್ನೆರಡು. ನಾನು ಇಪ್ಪತ್ತೊಂದು ಅಂತ ಬರ್ದೆ. ಅಂಕಿ ತಿರುಗಿ ಬಿದ್ದಿದೆ, ಪಾಪ ಕಣ್ಣು ಮಂಜು ಅಂದ್ಕೊಳ್ಲಿ ಅಂತ.”

“ಇನ್ನೂ ನೆನಪಿದೆಯಾ ಅಜ್ಜಿ?” ಎಂದಳು ಹಂಸಿನಿ.

“ಅದೊಂದೇ ನೆನಪಿರೋದು,” ಎಂದರು ಅತ್ತೆ. “ಮದುವೆ ದಿನ ಏನು ಊಟ ಹಾಕಿದ್ರು ಅಂತ ಕೇಳು, ಗೊತ್ತಿಲ್ಲ. ಹನ್ನೆರಡು ಮಾತ್ರ ಆಗಾಗ ಬಂದು ನಿಂತ್ಕೊಳುತ್ತೆ.” ಆಮೇಲೆ ಏನೋ ಬೇಡದ ಮಾತಾಡಿದವರಂತೆ, “ಹೋಗಿ ಹೋಗಿ, ರಾಹುಕಾಲ ಬರುತ್ತೆ,” ಎಂದು ನಮ್ಮನ್ನು ಹೊರಡಿಸಿದರು. ಬಾಗಿಲು ದಾಟುವಾಗ ಗಾಳಿಗೆ ನನ್ನ ಫಲಕ ಟಕಟಕ ಎಂದಿತು.

ಹೈಸ್ಕೂಲಿನ ದೊಡ್ಡ ಕೋಣೆ ಆಗಲೇ ತುಂಬಿತ್ತು. ಮಲ್ಲಿಗೆ, ಹೊಸ ಸೀರೆಯ ಗಂಜಿ, ಚಿತ್ರಾನ್ನದ ಒಗ್ಗರಣೆ, ಎಲ್ಲ ಸೇರಿ ಮದುವೆಮನೆಯ ವಾಸನೆ. ಮೊದಲ ಸಲ ಬರೆಯುವ ಹುಡುಗಿಯರನ್ನು ಮುಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಹಂಸಿನಿ ನನ್ನ ಮುಂದೆ ಓರೆಗೆ, ಎರಡು ಬೆಂಚಿನಾಚೆ, ಅವಳ ಕೈ ಕಾಣುವ ಹಾಗೆ. ನನ್ನ ಪಕ್ಕದಲ್ಲಿ ಜಯಶೀಲ. ಅಂಚಿನ ಬೆಂಚಿನಲ್ಲಿ ಒಬ್ಬಾಕೆ ಮೊಮ್ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ಬರೆಯಲು ಕೂತಿದ್ದಳು. ಪ್ರಶ್ನೆಪತ್ರಿಕೆ ಕೊಡಲು ಬಂದವರು ಹೊಸ ಮೇಷ್ಟ್ರು, ಚಿಕ್ಕ ವಯಸ್ಸು, ಅರವತ್ತರ ಫಲಕದವರು. “ಗಾಬರಿ ಆಗ್ಬೇಡಿ ಅಮ್ಮಂದಿರೇ, ಬಂದಷ್ಟು ಬರೀರಿ,” ಎಂದರು.

“ಬಂದಷ್ಟೂ ಬರೆದ್ರೆ ನಿಮಗೇ ಕಷ್ಟ ಸಾರ್,” ಎಂದಳು ಜಯಶೀಲ. ಇಡೀ ಕೋಣೆ ನಕ್ಕಿತು. ಮೇಷ್ಟ್ರೂ ಅರ್ಥವಾಗದೆ ನಕ್ಕರು.

ನನ್ನ ಬರವಣಿಗೆ ಎಂದಿನ ದಾರಿಯಲ್ಲೇ ಹೋಯಿತು. ಮೊದಲು ಎಲ್ಲ ಪ್ರಶ್ನೆಗಳನ್ನೂ ಮನಸ್ಸಿನಲ್ಲಿ ಬಿಡಿಸಿಕೊಂಡೆ. ಆಮೇಲೆ ಎಲ್ಲಿ ಎಷ್ಟು ಬಿಡಬೇಕೆಂದು ಗುರುತು ಮಾಡಿಕೊಂಡೆ. ಹಾಲು ಉಕ್ಕದ ಹಾಗೆ ಉರಿ ತಗ್ಗಿಸುವ ಕೈಗೆ ಇದೇನು ಹೊಸದಲ್ಲ. ಸಂಭವನೀಯತೆಯ ಪುಟ ಖಾಲಿ. ವೃತ್ತದ ಚಿತ್ರ ಅಚ್ಚುಕಟ್ಟು, ಸಾಧನೆ ಅರ್ಧ. ಕೊನೆಗೆ ಒಂದು ವರ್ಗಸಮೀಕರಣ ಉಳಿದಿತ್ತು. ಅದನ್ನು ಶುರುಮಾಡಿ ತಲೆಯೆತ್ತಿದಾಗ ಹಂಸಿನಿ ಕಂಡಳು.

ಅವಳು ಬರೆದು ಮುಗಿಸಿದ್ದಳು. ಇನ್ನೂ ಅರ್ಧ ಸಮಯ ಕಳೆದಿರಲಿಲ್ಲ. ಉತ್ತರಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ತಿರುವುತ್ತ, ಒಂದೊಂದು ಪುಟದಲ್ಲೂ ನಿಂತು, ಬರೆದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆಯುತ್ತಿದ್ದಳು. ಹೊಡೆದುಹಾಕುವಾಗ ಅವಳ ಎಡಗೈ ಪುಟದ ಅಂಚನ್ನು ಒತ್ತಿ ಹಿಡಿದಿತ್ತು, ಹೆಬ್ಬೆರಳು ಮಡಚಿತ್ತು. ನಾನು ಹಿಡಿಯುವುದೂ ಹಾಗೇ. ಎಲ್ಲೂ ತಡವರಿಸಲಿಲ್ಲ. ನಾನು ಒಂದು ಸಂಜೆಯಲ್ಲಿ ಹೇಳಿದ್ದನ್ನು ಅವಳು ಪೂರ್ತಿ ಕಲಿತಿದ್ದಳು. ನನ್ನ ಮಗಳು ಜಾಣೆ ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಯಾವ ಜಾಣತನಕ್ಕೆ ಹೆಮ್ಮೆ ಪಡುತ್ತಿದ್ದೇನೆಂದು ಆಮೇಲೆ ಹೊಳೆಯಿತು.

ಪತ್ರಿಕೆ ಮುಚ್ಚಿಟ್ಟು ಹಂಸಿನಿ ಸುಮ್ಮನೆ ಕೂತಳು. ಮಾಡಲು ಏನೂ ಇರಲಿಲ್ಲ. ಬೇಗ ಎದ್ದರೆ ಜನ ಅನುಮಾನ ಪಡುತ್ತಾರೆ ಎಂದೂ ನಾನೇ ಹೇಳಿಕೊಟ್ಟಿದ್ದೆ. ಆಗ ಅವಳ ಬಲಗೈಯ ಬೆರಳು ಬೆಂಚಿನ ಧೂಳಿನಲ್ಲಿ ಏನೋ ಗೀಚತೊಡಗಿತು. ಮೇಲಿನಿಂದ ಬಾಗಿ, ಉದ್ದಕ್ಕೆ ಇಳಿದು, ಕೆಳಗೆ ಇನ್ನೊಂದು ಕಡೆಗೆ ಬಳುಕುವ ಗೆರೆ. ಅದರ ಪಕ್ಕದಲ್ಲಿ ಮತ್ತೊಂದು. ಮತ್ತೊಂದು. ಬೀರುವಿನ ಬಾಗಿಲಲ್ಲಿದ್ದ ಆ ಗುರುತು. ಅರ್ಥ ಗೊತ್ತಿಲ್ಲದಿದ್ದರೂ ಕೈಗೆ ಅದರ ಬಳುಕು ಚೆನ್ನಾಗಿ ಬಂದಿತ್ತು. ಬೆಂಚಿನ ಅಂಚು ಬರುವವರೆಗೆ ಬರೆದು, ಇನ್ನು ಜಾಗವಿಲ್ಲವೆಂದಾಗ, ಅಂಗೈಯಿಂದ ಎಲ್ಲವನ್ನೂ ಒರೆಸಿಬಿಟ್ಟಳು.

ಹನ್ನೆರಡು ಮಾತ್ರ ಆಗಾಗ ಬಂದು ನಿಲ್ಲುತ್ತದೆ ಎಂದಿದ್ದರು ಅತ್ತೆ. ಇವಳಿಗೆ ಯಾವುದು ಬಂದು ನಿಲ್ಲಬಹುದು ಎಂದುಕೊಂಡೆ. ಅಕ್ಕಿ ಗಿರಣಿಯ ಮನೆಯಲ್ಲಿ, ಅರವತ್ತರ ಪಕ್ಕದಲ್ಲಿ ತನ್ನ ಐವತ್ತೆಂಟನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿರುವಾಗ.

ನನ್ನ ಕೈಯಲ್ಲಿದ್ದ ಸಮೀಕರಣ ಕೊನೆಯಿಂದ ಎರಡನೆಯ ಸಾಲಿಗೆ ಬಂದಿತ್ತು. ಎಕ್ಸ್ ಮೈನಸ್ ಏಳು, ಎಕ್ಸ್ ಪ್ಲಸ್ ಮೂರು. ಇಲ್ಲಿ ಮೈನಸ್ಸಿನ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದರೆ ಮುಗಿಯಿತು. ಇಷ್ಟು ವರ್ಷವೂ ಕೈ ತಾನಾಗಿ ಎಳೆದಿದೆ, ಹೊಸ್ತಿಲಿಗೆ ಬಂದಾಗ ತಲೆ ಬಗ್ಗುವ ಹಾಗೆ. ಪೆನ್ನು ಮೈನಸ್ಸಿನ ಮೇಲೆ ಬಂದು ನಿಂತಿತು. ಕನಕಮ್ಮನ ಮಾತು ನೆನಪಾಯಿತು. ತಾಯಿನೇ ಗೆರೆ ದಾಟಿದ್ಮೇಲೆ ಮಗಳು ಇನ್ನೆಲ್ಲಿ ನಿಂತಾಳು. ಬಾಗಿಲಲ್ಲಿ ನೋಡುತ್ತಾರೆ, ಕಾಫಿಯನ್ನೂ ಕುಡಿಯದೆ ತಿರುಗಿ ಹೋಗುತ್ತಾರೆ. ಹಂಸಿನಿಗೆ ಮುಂದಿನ ವರ್ಷ ಮತ್ತೆ ಪರೀಕ್ಷೆ ಇದೆ, ಆಗ ತಗ್ಗಿಕೊಡಬೇಕಾದ ಮನೆ ಯಾವುದೂ ಇರುವುದಿಲ್ಲ. ಊರು ಬೈದರೆ ನನ್ನನ್ನು ಬೈಯುತ್ತದೆ. ಹುಡುಗಿ ಹೇಳಿದ ಹಾಗೆ ಕೇಳಿದ್ದಳು, ತಾಯಿಯೇ ಕೆಡಿಸಿದಳು ಎನ್ನುತ್ತದೆ. ಎನ್ನಲಿ. ಇವರಿಗೆ ಬಳ್ಳಿ ಯಾವುದು ಹಬ್ಬಿಸಬೇಕೆಂದು ಕಮಲಾಕ್ಷಿಯ ಗಂಡ ಹೇಳಿಕೊಡುತ್ತಾನೆ.

ಇದೆಲ್ಲ ಮಗಳಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ ಎಂದು ಪೆನ್ನಿಗೆ ಗೊತ್ತಿತ್ತು. ಅದು ಮೈನಸ್ಸನ್ನು ಹಾಗೇ ಬಿಟ್ಟು ಕೊನೆಯ ಸಾಲಿಗೆ ಇಳಿಯಿತು. ಏಳು ಮತ್ತು ಮೈನಸ್ ಮೂರು. ಆಮೇಲೆ ನಾನು ಪುಟಗಳನ್ನು ಹಿಂದಕ್ಕೆ ತಿರುವಿದೆ. ವೃತ್ತದ ಸಾಧನೆಯ ಉಳಿದ ಅರ್ಧ ಬರೆದೆ. ನಮ್ಮಮ್ಮ, ಅವಳಮ್ಮ ಯಾರೂ ಮುಟ್ಟದ ಸಂಭವನೀಯತೆಯ ಪುಟಕ್ಕೆ ಬಂದೆ. ಚೀಲದಲ್ಲಿ ಐದು ಕೆಂಪು ಚೆಂಡು, ಮೂರು ಬಿಳಿ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಬಿಳಿಯೇ ಬರುವ ಸಂಭವ ಎಷ್ಟು? ಇಂಥ ಮೆತ್ತನೆಯ ಲೆಕ್ಕವನ್ನು ಇಷ್ಟು ವರ್ಷ ಯಾಕೆ ಬಿಟ್ಟೆವೆಂದು ಆಶ್ಚರ್ಯವಾಯಿತು.

“ಏನೇ ಪದ್ಮಾ, ಇಷ್ಟೊಂದು ಬರೀತಾ ಇದೀಯ?” ಎಂದು ಜಯಶೀಲ ಪಿಸುಗುಟ್ಟಿದಳು.

“ಹೊಡೆದುಹಾಕಿ ಬರೀತಾ ಇದೀನಿ ಕಣೆ,” ಎಂದೆ.

ಮಧ್ಯಾಹ್ನ ಹೊಂಗೆಮರದ ಕೆಳಗೆ ಎಲ್ಲರೂ ಡಬ್ಬಿ ಬಿಚ್ಚಿದರು. ನನ್ನ ಚಕ್ಕುಲಿಗೆ ಉಪ್ಪು ಮುಂದಾದದ್ದು ನಿಜ, ಆದರೂ ಖಾಲಿಯಾಯಿತು. ಒಬ್ಬೊಬ್ಬರೂ ತಮಗೆ ಬರಬಹುದಾದ ಅಂಕ ಹೇಳಿದರು. ಐವತ್ತಾರು, ಐವತ್ತೆಂಟು, ಐವತ್ತೇಳು. ಹಂಸಿನಿ ಚಿತ್ರಾನ್ನದ ಕಡಲೆಬೇಳೆ ಆರಿಸಿ ತಿನ್ನುತ್ತ, “ನಂದು ಐವತ್ತೆಂಟು. ನೀನು ಹೇಳಿದ ಹಾಗೇ ಬರ್ದೆ ಅಮ್ಮ,” ಎಂದಳು.

“ಜಾಣೆ,” ಎಂದೆ.

“ನಿಂದು?”

“ನಂದೇನು, ಯಾವತ್ತಿನ ಹಾಗೆ.”

ಸಂಜೆ ಮನೆಗೆ ಬಂದಾಗ ಇವರು ಬಾಗಿಲ ಬಳಿ ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಸುತ್ತಿಗೆ, ತುಟಿಗಳ ನಡುವೆ ಎರಡು ಹೊಸ ಮೊಳೆ. ಅತ್ತೆ ಕೆಳಗೆ ನಿಂತು ಸ್ಟೂಲು ಹಿಡಿದಿದ್ದರು. ನಮ್ಮ ಪರೀಕ್ಷೆಯ ದಿನವೆಂದು ಇವರು ಅರ್ಧ ದಿನ ರಜ ಹಾಕಿ ಬಂದಿದ್ದರಂತೆ. ಮೊಳೆಗಳನ್ನು ತೆಗೆದು ಕೈಯಲ್ಲಿ ಹಿಡಿದು, “ಎಷ್ಟು ದಿನದಿಂದ ಹೇಳ್ತಾ ಇದ್ಯಲ್ಲ. ಇವತ್ತು ಭದ್ರವಾಗಿ ಹೊಡೆದುಬಿಡ್ತೀನಿ. ಇನ್ನು ನಿನ್ನ ಜೀವಮಾನದಲ್ಲಿ ಅಲುಗಲ್ಲ ನೋಡು,” ಎಂದರು.

ನಾನು ಡಬ್ಬಿಯನ್ನು ಜಗಲಿಯ ಮೇಲಿಟ್ಟೆ. ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡೆ.

“ಈಗ ಬೇಡ ಬಿಡಿ,” ಎಂದೆ. “ಕಾಫಿ ಮಾಡ್ತೀನಿ, ಇಳೀರಿ.”